ಏಳು ವರ್ಷದ ಮಗನನ್ನು ತಾತನ ಜೊತೆ ಶಿಕಾರಿಗೆ ಕಳುಹಿಸಬೇಕೇ?

ತೋಟದಮನೆ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ಇಲ್ಲಿ ಹಿರಿಯರು ತೂಕದ ಮಾತು ಆಡುವುದನ್ನು ಓದುತ್ತ ಬಂದಿದ್ದೇನೆ. ಆ ಭರವಸೆಯಿಂದ ನಮ್ಮ ಮನೆಯ ಒಂದು ಇಕ್ಕಟ್ಟನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಮ್ಮದು ಕಾಫಿ, ಮೆಣಸು, ಒಂದಿಷ್ಟು ಗದ್ದೆ ಇರುವ ಮನೆ. ಮಾವನವರ ಹೆಸರಿನಲ್ಲಿ ಬೆಳೆ ರಕ್ಷಣೆಯ ಪರವಾನಗಿ ಇರುವ ಒಂದು ಕೇಪಿನ ಕೋವಿ ಇದೆ. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವುದು, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರುವುದು, ಇಷ್ಟೇ ಈಗ ಅದರ ಓಡಾಟ. ಆದರೆ ಅವರ ಹರೆಯದ ಶಿಕಾರಿಯ ಕಥೆಗಳಿಗೆ ಮಾತ್ರ ಬಿಡುವಿಲ್ಲ. ಸೋವಿನವರು, ಅಂದರೆ ಪ್ರಾಣಿಯನ್ನು ಎಬ್ಬಿಸಿ ಅಟ್ಟುವವರು, ಹಳುವಿನೊಳಗೆ ಕೂಗು ಹಾಕುತ್ತ ಬರುವುದು, ಬಿಲ್ಲಿಗೆ, ಅಂದರೆ ಪ್ರಾಣಿ ದಾಟುವ ಕಡೆ ಕೋವಿ ಹಿಡಿದು, ಕೂತವನು ಉಸಿರು ಬಿಗಿಹಿಡಿದು ಕಾಯುವುದು, ಈಡು ತಗುಲಿದ ಹಂದಿ ನಾಯಿಗಳ ಮೇಲೆ ತಿರುಗಿಬೀಳುವುದು ಎಲ್ಲವೂ ನನ್ನ ಏಳು ವರ್ಷದ ಮಗನಿಗೆ ಬಾಯಿಪಾಠವಾಗಿದೆ. ಸಿಲ್ವರ್ ಮರದ ರೆಂಬೆಯನ್ನೇ ಕೋವಿ ಮಾಡಿಕೊಂಡು, ಒಂದು ಕಣ್ಣು ಮುಚ್ಚಿ, ಅಂಗಳದ ಹುಂಜಕ್ಕೆ ಗುರಿ ಹಿಡಿಯುತ್ತಾನೆ.

ಈಗ ಭತ್ತ ಹಾಲುಗಟ್ಟಿದೆ, ಹಂದಿಗಳ ಕಾಟ ಶುರುವಾಗಿದೆ. "ಒಂದು ರಾತ್ರಿ ಮರಸು ಕೂರುತ್ತೇನೆ, ಹುಡುಗನೂ ಬರಲಿ, ಅವನ ವಯಸ್ಸಿಗೆ ನಾವೆಲ್ಲ ಕಾಡು ಕಂಡಿದ್ದೆವು" ಎಂದು ಮಾವನವರು ಹೇಳಿದ್ದಾರೆ. ಮರಸು ಎಂದರೆ ಕೋವಿ ಹಿಡಿದು ಅಡಗಿ ಕೂತು ಪ್ರಾಣಿಗೆ ಕಾಯುವುದು. ನಮ್ಮ ಯಜಮಾನರು ಹೂಂ ಎನ್ನುವುದೂ ಇಲ್ಲ, ಊಹೂಂ ಎನ್ನುವುದೂ ಇಲ್ಲ. ನಮ್ಮದು ಮಾಂಸ ತಿನ್ನುವ ಮನೆ, ಕೋಳಿ ಕೊಯ್ಯುವುದನ್ನು ಮಗ ನೋಡಿದ್ದಾನೆ; ಆದ್ದರಿಂದ ಪ್ರಾಣಿಹಿಂಸೆ ಮಹಾಪಾಪ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಉತ್ತರ ನನಗೆ ಬೇಡ. ಕಾನೂನು ಏನು ಹೇಳುತ್ತದೆ, ಇಷ್ಟು ಚಿಕ್ಕ ಮಗುವಿಗೆ ಇದು ತಕ್ಕದ್ದೇ, ಬೇಡವೆನ್ನುವುದಾದರೆ ಹಿರಿಯರ ಮನಸ್ಸು ನೋಯದಂತೆ ಹೇಗೆ ಹೇಳುವುದು ಎಂಬುದನ್ನು ತಿಳಿದವರು ತಿಳಿಸಬೇಕು.

ವಕಾಲತ್ತು, ಹಾಸನ

ಮೇಡಂ, ಕಾನೂನಿನ ಭಾಗವನ್ನು ನಾನು ಹೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನಮ್ಮ ಕಡೆಯ ತೋಟದ ಮನೆಗಳಲ್ಲಿ ತಪ್ಪು ತಿಳಿವಳಿಕೆ ಬಹಳ ಇದೆ. ಬೆಳೆ ರಕ್ಷಣೆಯ ಪರವಾನಗಿ ಎಂಬುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೋವಿಯನ್ನು ಇಟ್ಟುಕೊಳ್ಳಲು ಸಿಗುವ ಅನುಮತಿಯೇ ಹೊರತು ಪ್ರಾಣಿಯನ್ನು ಕೊಲ್ಲಲು ಸಿಗುವ ಅನುಮತಿಯಲ್ಲ. ಕೊಲ್ಲುವ ಮಾತು ಬಂದಾಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎದುರಾಗುತ್ತದೆ. ಕಾಡುಹಂದಿ ಅದರ ಎರಡನೆಯ ಪರಿಚ್ಛೇದದಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಎರಡನೆಯ ಪಟ್ಟಿಯಲ್ಲಿ, ಇದೆ. ಬೆಳೆಗೆ ಅಪಾಯವೆಂದು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಸಹಿತ ಲಿಖಿತ ಆದೇಶ ಕೊಟ್ಟರೆ ಮಾತ್ರ ಅದನ್ನು ಹೊಡೆಯಬಹುದು. ಹಾಗೆ ಹೊಡೆದ ಹಂದಿಯೂ ಸರ್ಕಾರದ ಸ್ವತ್ತು, ಮನೆಯ ಪಾತ್ರೆಗೆ ಬರುವಂಥದ್ದಲ್ಲ. ಪ್ರಾಣ ಉಳಿಸಿಕೊಳ್ಳಲು ಸದ್ಭಾವನೆಯಿಂದ ಹೊಡೆದದ್ದು ಬೇರೆ ಮಾತು, ಅದಕ್ಕೆ ಕಾಯ್ದೆಯಲ್ಲೇ ರಕ್ಷಣೆ ಇದೆ.

ಬೇಟೆ ಎಂದರೆ ಕೊಲ್ಲುವುದು ಮಾತ್ರ ಎಂದು ಬಹಳ ಮಂದಿ ಭಾವಿಸಿದ್ದಾರೆ. ಕಾಯ್ದೆಯ ಪ್ರಕಾರ ಉರುಳು ಹಾಕುವುದು, ಹಿಡಿಯುವುದು, ವಿಷವಿಡುವುದು, ಇವುಗಳ ಸಲುವಾಗಿ ಸೋವಿ ಅಟ್ಟುವುದು, ಇವುಗಳಿಗೆ ಪ್ರಯತ್ನಿಸುವುದು, ಹಕ್ಕಿಯ ಗೂಡು ಮೊಟ್ಟೆ ಕೆಡಿಸುವುದು ಎಲ್ಲವೂ ಬೇಟೆಯೇ. ಆದ್ದರಿಂದ ಮದ್ದು ತುಂಬಿದ ಕೋವಿ ಹಿಡಿದು ಮರಸು ಕೂತವರು ಈಡು ಹೊಡೆಯದೆ ಎದ್ದುಬಂದರೂ ಮೊಕದ್ದಮೆಯಿಂದ ದೂರವಿದ್ದೇವೆ ಎಂದುಕೊಳ್ಳುವಂತಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಯಾದ ಮೇಲೆ ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಇವೆ. ಅಭಯಾರಣ್ಯದೊಳಗೆ, ಅಥವಾ ಮೊದಲನೆಯ ಪರಿಚ್ಛೇದದ ಪ್ರಾಣಿಯ ವಿಷಯದಲ್ಲಿ, ಶಿಕ್ಷೆ ಮೂರು ವರ್ಷದಿಂದಲೇ ಆರಂಭವಾಗಿ ಏಳರವರೆಗೆ ಹೋಗುತ್ತದೆ. ಕೋವಿ ಮತ್ತು ಹೋದ ಜೀಪು ಜಪ್ತಿಯಾಗುತ್ತವೆ.

ಮಗನ ಮೇಲೆ ಕೇಸು ನಿಲ್ಲುವುದು ಕಷ್ಟ. ಏಳು ತುಂಬದ ಮಗು ಮಾಡಿದ್ದು ಅಪರಾಧವೇ ಅಲ್ಲ, ಹನ್ನೆರಡರವರೆಗೂ ಮಗುವಿಗೆ ತಿಳಿವಳಿಕೆ ಎಷ್ಟಿತ್ತು ಎಂದು ನ್ಯಾಯಾಲಯ ನೋಡುತ್ತದೆ. ಕರೆದೊಯ್ದ ಹಿರಿಯರಿಗೆ ಆ ರಿಯಾಯಿತಿ ಇಲ್ಲ. ಇಪ್ಪತ್ತೊಂದು ತುಂಬದವರ ಕೈಗೆ ಕೋವಿ ಕೊಡುವುದಂತೂ ಬೇರೆಯೇ ಅಪರಾಧ. ರೈಫಲ್ ಕ್ಲಬ್ಬಿನಲ್ಲಿ ನಿಯಮದಂತೆ ಕೊಡುವ ಗುರಿ ತರಬೇತಿಗೆ ಮಾತ್ರ ವಿನಾಯಿತಿ. ಕೊಡಗಿನವರಿಗೆ ಇರುವ ಸೌಲಭ್ಯ ನಮಗೂ ಇದೆ ಎಂದು ಯಸಳೂರು ಕಡೆಯ ಕೆಲವರು ವಾದಿಸುವುದನ್ನು ಕೇಳಿದ್ದೇನೆ. ಕೊಡವರಿಗೂ ಜಮ್ಮಾ ಎಂಬ ಹಳೆಯ ಪದ್ಧತಿಯ ಭೂಮಿಯ ಹಿಡುವಳಿದಾರರಿಗೂ 2029ರವರೆಗೆ ಇರುವುದು ಪರವಾನಗಿಯ ವಿನಾಯಿತಿ. ಅಲ್ಲಿಯೂ ಬೇಟೆಗೆ ವಿನಾಯಿತಿ ಇಲ್ಲ.

ಹಳೇ ಈಡುಗಾರ, ಮೂಡಿಗೆರೆ

ವಕೀಲರು ಹೇಳಿದ್ದು ಸರಿ, ನಾನು ಕಾನೂನು ಮುರಿಯಿರಿ ಎಂದು ಯಾರಿಗೂ ಹೇಳುವವನಲ್ಲ. ಆದರೆ ಈ ತಾಯಿ ಕೇಳಿದ್ದು ಕಾನೂನನ್ನು ಮಾತ್ರವಲ್ಲ. ಮಲೆನಾಡಿನಲ್ಲಿ ಶಿಕಾರಿ ಎಂದರೆ ಬರೀ ಮಾಂಸದ ಆಸೆ ಎಂದು ಪಟ್ಟಣದವರು ಬರೆಯುವುದನ್ನು ಓದಿ ನನಗೆ ಬೇಸರವಾಗಿದೆ. ಸೋವಿಗೆ ಹೋದವರಲ್ಲಿ ತೋಟದ ಯಜಮಾನನೂ ಇರುತ್ತಿದ್ದ, ಅವನ ಆಳೂ ಇರುತ್ತಿದ್ದ, ಕಾಡಿನೊಳಗೆ ಆಳಿನ ಮಾತೇ ನಡೆಯುತ್ತಿತ್ತು, ಏಕೆಂದರೆ ಹಂದಿ ಎಲ್ಲಿ ಮಲಗುತ್ತದೆ, ಯಾವ ಕಂಡಿಯಲ್ಲಿ ದಾಟುತ್ತದೆ ಎಂದು ಗೊತ್ತಿದ್ದದ್ದು ಅವನಿಗೆ. ಬಿಲ್ಲಿಗೆ ಕೂತ ಹುಡುಗ ಕೆಮ್ಮುವಂತಿಲ್ಲ, ಜಿಗಣೆ ಹತ್ತಿದರೂ ಅಲುಗುವಂತಿಲ್ಲ. ಬಡಿದದ್ದನ್ನು ಪಾಲು ಹಾಕುವಾಗ ನಾಯಿಗೂ ಒಂದು ಪಾಲು ಇರುತ್ತಿತ್ತು. ಇಷ್ಟೆಲ್ಲ ಕಲಿತ ಹುಡುಗ ಕಾಡನ್ನು ಅಸಡ್ಡೆಯಿಂದ ನೋಡುವುದಿಲ್ಲ. ಅಂಗಡಿಯಲ್ಲಿ ತೂಗಿ ಕೊಟ್ಟ ಬ್ರಾಯ್ಲರ್ ಕೋಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತರುವ ಇಂದಿನ ಮಗುವಿಗೆ ಒಂದು ಜೀವ ಹೋಗಿದೆ ಎಂಬುದಾದರೂ ಹೊಳೆಯುತ್ತದೆಯೇ?

ಕಾಫಿ ಹೂವು, ಬಾಳೆಹೊನ್ನೂರು

ಈಡುಗಾರ ಅಣ್ಣ, ನೀವು ವರ್ಣಿಸಿದ ಶಿಕಾರಿಯನ್ನು ನಾನು ಗೌರವದಿಂದಲೇ ಓದಿದೆ. ಆದರೆ ಈಗ ಅದು ಎಲ್ಲಿದೆ ತೋರಿಸಿ. ಈಗ ಇರುವುದು ಬೈಕಿನ ಬ್ರೇಕ್ ವೈರಿನ ಉರುಳು. ತೋಟದ ಬೇಲಿಯ ಕಂಡಿಯಲ್ಲಿ ಹಂದಿಗೆಂದು ಕಟ್ಟಿದ ಉರುಳಿಗೆ ಚಿರತೆ ಸೊಂಟ ಸಿಕ್ಕಿಸಿಕೊಂಡು ಒದ್ದಾಡುವುದು ನಮ್ಮ ಎರಡೂ ಜಿಲ್ಲೆಗಳಿಗೆ ಹೊಸದಲ್ಲ. ಉರುಳಿಗೆ ಕಾಯುವ ತಾಳ್ಮೆ ಬೇಡ, ಪ್ರಾಣಿಯ ಗುರುತು ಬೇಡ, ಕಟ್ಟಿ ಮನೆಗೆ ಹೋಗಿ ಮಲಗಿದರೆ ಸಾಕು. ಮಗುವಿಗೆ ತಾತನ ಕಥೆಯ ಆಸೆ ಹತ್ತಿಸಿ ಬಿಟ್ಟರೆ ದೊಡ್ಡವನಾದ ಮೇಲೆ ಅವನ ಕೈಗೆ ಸಿಗುವುದು ಇದೇ.

ಇನ್ನೊಂದು ಮಾತು. ಹಂದಿ, ಕಾಡುಕುರಿ, ಮೊಲ ಇವೆಲ್ಲ ಚಿರತೆ, ಕೆನ್ನಾಯಿಗಳ ಊಟ. ಅದನ್ನು ನಾವು ಖಾಲಿ ಮಾಡಿದಷ್ಟೂ ಚಿರತೆ ತೋಟದ ಕೂಲಿಯವರ ಲೈನ್ ಮನೆಯ ನಾಯಿಗೂ ಕೊಟ್ಟಿಗೆಯ ಕರುವಿಗೂ ಬರುತ್ತದೆ.

ಆಲೂರಿನವನು, ಈಗ ವಿಸ್ಕಾನ್ಸಿನ್

ನಾನು ಆಲೂರು ತಾಲ್ಲೂಕಿನವನು, ಕೆಲಸದ ನಿಮಿತ್ತ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿದ್ದೇನೆ. ಇಲ್ಲಿ ಇದೇ ಪ್ರಶ್ನೆಯನ್ನು ತಂದೆತಾಯಿಯರು ಬಹಿರಂಗವಾಗಿ ಕೇಳುತ್ತಾರೆ, ಏಕೆಂದರೆ ಇಲ್ಲಿ ಜಿಂಕೆ ಬೇಟೆ ಕಾನೂನುಬದ್ಧ. ನವೆಂಬರಿನಲ್ಲಿ ಒಂಬತ್ತು ದಿನ ಬಂದೂಕಿನ ಜಿಂಕೆ ಬೇಟೆಯ ಕಾಲ. ಆಗ ಊರಿಗೆ ಊರೇ ಕಿತ್ತಳೆ ಬಣ್ಣದ ಕೋಟು ತೊಟ್ಟು ಕಾಡಿಗೆ ಇಳಿಯುತ್ತದೆ. 1973ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರು ಬೇಟೆಯ ಸುರಕ್ಷತಾ ಪಾಠ ಮುಗಿಸದೆ ಸ್ವತಂತ್ರವಾಗಿ ಬೇಟೆಯಾಡುವಂತಿಲ್ಲ. ಪಾಠವಾಗದ ಮಕ್ಕಳು ಅನುಭವಿ ಹಿರಿಯರ ಜೊತೆಗೆ, ಅದೂ ಅವರ ಕೈಗೆ ಎಟಕುವಷ್ಟು ಹತ್ತಿರದಲ್ಲಿದ್ದರೆ ಮಾತ್ರ ಆಡಬಹುದು. ಮೊದಲು ಇದಕ್ಕೆ ಕನಿಷ್ಠ ಹತ್ತು ವರ್ಷ ವಯಸ್ಸು ಬೇಕಿತ್ತು, 2017ರಲ್ಲಿ ಆ ಮಿತಿಯನ್ನು ತೆಗೆದುಹಾಕಿದಾಗ ಬೇಟೆಗಾರರಲ್ಲೇ ದೊಡ್ಡ ವಾಗ್ವಾದ ನಡೆಯಿತು.

ನನ್ನ ಸಹೋದ್ಯೋಗಿ ಒಬ್ಬರು ಮಗಳನ್ನು ಕಾಡಿಗೆ ಕರೆದೊಯ್ಯುವ ರೀತಿಯನ್ನು ಕಂಡಿದ್ದೇನೆ. ಮೊದಮೊದಲು ಮಗುವಿನ ಕೈಯಲ್ಲಿ ಬಂದೂಕು ಇರಲೇ ಇಲ್ಲ. ಬೆಚ್ಚಗಿನ ಬಟ್ಟೆ, ತಿಂಡಿಯ ಡಬ್ಬಿ, ಒಂದು ದುರ್ಬೀನು, ಅಷ್ಟೇ. ಅವಳಿಗೆ ಚಳಿಯಾಯಿತು ಎಂದ ಕೂಡಲೇ ಜಿಂಕೆ ಎದುರಿಗಿದ್ದರೂ ಎದ್ದು ಬರುತ್ತಿದ್ದರು. ಕೋವಿಯ ಪಾಠ ಮನೆಯಲ್ಲಿ ಬೇರೆಯಾಗಿ ನಡೆಯಿತು: ಯಾವ ಕೋವಿಯನ್ನೂ ಖಾಲಿ ಎಂದು ನಂಬಬಾರದು, ನಳಿಗೆಯನ್ನು ಮನುಷ್ಯರತ್ತ ತಿರುಗಿಸಬಾರದು, ಗುರಿಯ ಹಿಂದೆ ಏನಿದೆ ಎಂದು ನೋಡದೆ ಹೊಡೆಯಬಾರದು, ಹೊಡೆಯುವ ಗಳಿಗೆಯವರೆಗೆ ಕೋವಿಯ ಕುದುರೆಯ (ಟ್ರಿಗರ್) ಮೇಲೆ ಬೆರಳಿಡಬಾರದು.

ಹೀಗೆಂದು ಇಲ್ಲಿಯದನ್ನು ಅಲ್ಲಿಗೆ ತರಬೇಕು ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಬಹುಭಾಗದಲ್ಲಿ ಜಿಂಕೆಯನ್ನು ತಿನ್ನುವ ದೊಡ್ಡ ಪ್ರಾಣಿಗಳು ತೀರಾ ಕಡಿಮೆ, ಎಷ್ಟು ಜಿಂಕೆ ಹೊಡೆಯಬೇಕೆಂದು ಸರ್ಕಾರವೇ ವರ್ಷವರ್ಷ ಗೊತ್ತುಮಾಡುತ್ತದೆ, ಹೊಡೆದದ್ದನ್ನು ನೋಂದಾಯಿಸಬೇಕು. ಬಂದೂಕು ತೋಟಾಗಳ ಮೇಲಿನ ತೆರಿಗೆಯನ್ನು 1937ರ ಒಂದು ಕಾಯ್ದೆಯ ಪ್ರಕಾರ ವನ್ಯಜೀವಿ ರಕ್ಷಣೆಗೇ ಕೊಡುತ್ತಾರೆ. ನಮ್ಮ ಆಲೂರಿನಲ್ಲಿ ಇದಾವುದೂ ಇಲ್ಲ. ಅಲ್ಲಿ ರಾತ್ರಿ ಮರಸು ಕೂತವನ ಬೆನ್ನ ಹಿಂದೆ ಆನೆ ಬಂದು ನಿಂತಿರಬಹುದು. 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಆನೆ ಬಂದಿದೆ ಎಂಬ ಎಚ್ಚರಿಕೆಯ ಸಂದೇಶ ಮೊಬೈಲಿಗೆ ಬರುವುದು ನಿಂತಿಲ್ಲ ಎಂದು ಊರಿನಿಂದ ಫೋನು ಮಾಡಿದಾಗ ಅಣ್ಣ ಹೇಳುತ್ತಿರುತ್ತಾನೆ. ಆ ಕತ್ತಲೆಯಲ್ಲಿ ಏಳು ವರ್ಷದ ಹುಡುಗನನ್ನು ಕೂರಿಸುವುದು ಕಾನೂನಿನ ಪ್ರಶ್ನೆಗಿಂತ ಮೊದಲು ಜೀವದ ಪ್ರಶ್ನೆ.

ಕಳಸದ ಮೇಷ್ಟ್ರು

ಎಲ್ಲ ಮಾತುಗಳನ್ನೂ ಓದಿದೆ. ಈಡುಗಾರರು ಪಟ್ಟಿ ಮಾಡಿದ ಗುಣಗಳಲ್ಲಿ, ಅಂದರೆ ತಾಳ್ಮೆ, ಮೌನ, ನೆಲದ ಗುರುತು, ತಿಳಿದವನ ಮುಂದೆ ತಗ್ಗುವುದು, ಇವುಗಳಲ್ಲಿ ಯಾವುದಕ್ಕೂ ಈಡು ಹೊಡೆಯುವ ಅಗತ್ಯವಿಲ್ಲ. ಈಡು ಶಿಕಾರಿಯ ಕೊನೆಯ ಒಂದು ಕ್ಷಣ. ಅದಕ್ಕೂ ಮುಂಚಿನ ಇಡೀ ದಿನದ ವಿದ್ಯೆ ತಾತನ ತಲೆಯಲ್ಲಿದೆ, ಅದನ್ನು ಮಗುವಿಗೆ ದಾಟಿಸುವುದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಇದು ಶಿಕಾರಿಯ ಬದಲಿಗೆ ಕೊಡುವ ಸಮಾಧಾನದ ಬಹುಮಾನ ಎಂದು ಯಾರೂ ತಿಳಿಯಬಾರದು, ಏಕೆಂದರೆ ಒಳ್ಳೆಯ ಬೇಟೆಗಾರನನ್ನು ಬರಿಯ ಗುರಿಕಾರನಿಂದ ಬೇರ್ಪಡಿಸುತ್ತಿದ್ದದ್ದೇ ಈ ವಿದ್ಯೆ.

ನಮ್ಮ ಶಾಲೆಯ ಹಿಂದೆ ಒಂದು ಹಳ್ಳ ಇದೆ. ಬೆಳಿಗ್ಗೆ ಅದರ ಕೆಸರಿನ ಅಂಚಿಗೆ ಮಕ್ಕಳನ್ನು ಕರೆದೊಯ್ದು ಕುಕ್ಕರಗಾಲಿನಲ್ಲಿ ಕೂರಿಸುತ್ತೇನೆ. ಹಂದಿಯ ಹೆಜ್ಜೆಯಲ್ಲಿ ಎರಡು ಗೊರಸಿನ ಹಿಂದೆ ಅತ್ತಿತ್ತ ಎರಡು ಚಿಕ್ಕ ಗುಳಿ ಬಿದ್ದಿರುತ್ತವೆ, ಕಾಡುಕುರಿಯದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಾಯಿಯ ಹೆಜ್ಜೆಯಲ್ಲಿ ಉಗುರು ಮೂಡುತ್ತದೆ. ಚಿರತೆ ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ಬೆರಳಿನ ದಿಂಡು ಮಾತ್ರ ಮೂಡುತ್ತದೆ. ಹಂದಿ ಕೆಸರಿನಲ್ಲಿ ಹೊರಳಿ ಎದ್ದು ಮರಕ್ಕೆ ಮೈಯುಜ್ಜಿದರೆ ತೊಗಟೆಯ ಮೇಲೆ ಕೆಸರಿನ ಪಟ್ಟೆ ಉಳಿಯುತ್ತದೆ, ಅದು ಹುಡುಗನ ಮೊಣಕಾಲಿಗೆ ಬರುತ್ತದೋ ಸೊಂಟಕ್ಕೆ ಬರುತ್ತದೋ ನೋಡಿ ಹಂದಿಯ ಎತ್ತರ ಹೇಳಬಹುದು. ಕೆಸರಿನಲ್ಲಿ ಒಂದೆರಡು ಒರಟು ಕೂದಲೂ ಅಂಟಿರುತ್ತವೆ. ಕಾಫಿ ಹಣ್ಣಾಗುವ ಕಾಲದಲ್ಲಿ ಬಂಡೆಯ ಮೇಲೆ ಬೀಜಗಳೇ ತುಂಬಿದ ಹಿಕ್ಕೆ ಕಂಡರೆ ರಾತ್ರಿ ಕಬ್ಬೆಕ್ಕು ಬಂದಿತ್ತು ಎಂದರ್ಥ. ಏಳು ವರ್ಷದ ಮಗುವಿಗೆ ಇದು ಪತ್ತೇದಾರಿ ಕೆಲಸ, ಅದರಲ್ಲಿ ಅದು ಊಟ ಮರೆಯುತ್ತದೆ.

ತಾತನ ಕಥೆಗಳನ್ನು ಮಾತ್ರ ನಿಲ್ಲಿಸಬೇಡಿ. ಬೇಟೆಯನ್ನು ನಮ್ಮ ಚರಿತ್ರೆಯಿಂದ ಒರೆಸಿಹಾಕಲು ಆಗುವುದಿಲ್ಲ. ಬೇಲೂರಿನ ಗುಡಿಯ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿ ಇದ್ದಾಳೆ, ಮಗನಿಗೆ ತೋರಿಸಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲು, ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ್ದು. ಅದು ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ರಾಜ ಮಹಾರಾಜರ ಶಾಸನಗಳನ್ನು ಕೇಳಿ ಆಕಳಿಸುವ ನನ್ನ ಮಕ್ಕಳು ಈ ನಾಯಿಯ ಶಾಸನವನ್ನು ಎರಡೆರಡು ಬಾರಿ ಹೇಳಿಸಿಕೊಳ್ಳುತ್ತಾರೆ.

ಬಯಲುಸೀಮೆಯವ, ಕಡೂರು

ನಮ್ಮ ಕಡೆ ಕಾಡಿಲ್ಲ, ಕಾವಲು, ಅಂದರೆ ದನ ಮೇಯುವ ಹುಲ್ಲುಗಾವಲು, ಇದೆ. ಬಾಸೂರು ಅಮೃತಮಹಲ್ ಕಾವಲಿನಲ್ಲಿ ಕೃಷ್ಣಮೃಗಗಳಿವೆ, 2011ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಹುಲ್ಲುಗಾವಲಾದ್ದರಿಂದ ಮಗುವಿನ ಕಣ್ಣಿಗೆ ಪ್ರಾಣಿ ದೂರದಿಂದಲೇ ಕಾಣುತ್ತದೆ, ಮಲೆನಾಡಿನ ಹಳುವಿನಂತೆ ಇಡೀ ದಿನ ಕಾದು ಬರಿಗೈಯಲ್ಲಿ ಬರುವ ಪ್ರಸಂಗ ಕಡಿಮೆ. ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಬನ್ನಿ.

ಹಳೇ ಈಡುಗಾರ, ಮೂಡಿಗೆರೆ

ಮೇಷ್ಟ್ರೇ, ನೀವು ಹೇಳಿದ ವಿದ್ಯೆಯ ಮಾತನ್ನು ಒಪ್ಪಿದೆ. ಆದರೂ ಒಂದು ಕೊರತೆ ಉಳಿಯುತ್ತದೆ. ಹೆಜ್ಜೆ ನೋಡಿ ಮನೆಗೆ ಬರುವವನಿಗೆ ಕೊಲ್ಲುವುದರ ಭಾರ ತಿಳಿಯುವುದಿಲ್ಲ. ನನ್ನ ಅಪ್ಪಯ್ಯ ಮೊದಲ ಮೊಲವನ್ನು ನನ್ನ ಕೈಯಲ್ಲಿಟ್ಟಾಗ ಅದರ ಮೈ ಇನ್ನೂ ಬಿಸಿಯಾಗಿತ್ತು. ಆ ಬಿಸಿ ನನಗೆ ಇಂದಿಗೂ ನೆನಪಿದೆ, ಅನಂತರ ಸುಮ್ಮನೆ ಗುರಿ ಪರೀಕ್ಷೆಗೆಂದು ನಾನು ಯಾವ ಹಕ್ಕಿಗೂ ಹೊಡೆಯಲಿಲ್ಲ. ಹಾಗಿದ್ದರೆ ಮೀನನ್ನಾದರೂ ಹಿಡಿಯಲಿ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನಿಗೆ ಟಾರ್ಚು ಹಿಡಿದು ಹೋಗದ ಮಲೆನಾಡಿನ ಬಾಲ್ಯ ಬಾಲ್ಯವೇ ಅಲ್ಲ.

ಕಾಫಿ ಹೂವು, ಬಾಳೆಹೊನ್ನೂರು

ಮೀನು ಒಳ್ಳೆಯ ದಾರಿ, ಆದರೆ ಹತ್ತುಮೀನಿನಿಂದ ಶುರುಮಾಡುವುದು ಬೇಡ ಅಣ್ಣ. ಅವು ಏರುವುದೇ ಮೊಟ್ಟೆಯಿಡಲು. ಹೊಟ್ಟೆ ಸೀಳಿದರೆ ಗೊನೆಗಟ್ಟಿದ ಮೊಟ್ಟೆ. ಅದರ ಬದಲು ಮಳೆ ಹಿಂದೆ ಸರಿದ ಮೇಲೆ ಸ್ವಂತ ಕೆರೆಯಲ್ಲಿ, ಎರೆಹುಳು ಚುಚ್ಚಿದ ಗಾಳ ಹಾಕಿಸಲಿ. ಹಿಡಿದ ಚಿಕ್ಕದನ್ನು ಮರಳಿ ಬಿಡಿಸಲಿ, ಇಟ್ಟುಕೊಂಡದ್ದನ್ನು ಅಲ್ಲೇ ತಲೆಗೆ ತಟ್ಟಿ ಬೇಗ ಕೊಲ್ಲಲಿ, ಬಕೆಟ್ಟಿನಲ್ಲಿ ಒದ್ದಾಡಿಸುವುದು ಬೇಡ. ಉಜ್ಜಿ ತೊಳೆಯುವ ಕೆಲಸವನ್ನೂ ಹುಡುಗನಿಂದಲೇ ಮಾಡಿಸಿ. ನೀವು ಹೇಳಿದ ಭಾರ ಅಲ್ಲಿಯೂ ಇದೆ. ತೋಟೆ ಸಿಡಿಸಿ, ವಿಷ ಹಾಕಿ ಮೀನು ಹಿಡಿಯುವುದನ್ನು ಬ್ರಿಟಿಷರ ಕಾಲದಲ್ಲೇ, 1897ರ ಕಾಯ್ದೆಯಲ್ಲೇ ನಿಷೇಧಿಸಿದ್ದಾರೆ ಎಂಬುದನ್ನೂ ಹೇಳಿಕೊಡಿ. ಶೃಂಗೇರಿಗೆ ಕರೆದೊಯ್ದು ತುಂಗೆಯ ಮೀನಿಗೆ ಮಂಡಕ್ಕಿ ಹಾಕಿಸಿ. ಒಂದೇ ಪ್ರಾಣಿಯನ್ನು ಒಂದು ಕಡೆ ತಿನ್ನುತ್ತೇವೆ, ಇನ್ನೊಂದು ಕಡೆ ಕೈಮುಗಿಯುತ್ತೇವೆ ಎಂಬುದನ್ನು ಅವನೇ ನೋಡಿಕೊಂಡು ಪ್ರಶ್ನೆ ಕೇಳಲಿ.

ತೋಟದಮನೆ, ಸಕಲೇಶಪುರ

ಎಲ್ಲರಿಗೂ ಕೃತಜ್ಞತೆಗಳು. ವಕೀಲರ ಬರಹವನ್ನು ಯಜಮಾನರು ಮಾವನವರಿಗೆ ಓದಿ ಹೇಳಿದರು. ಜೀಪು ಜಪ್ತಿಯಾಗುತ್ತದೆ ಎಂಬಲ್ಲಿ ಅವರು ಸ್ವಲ್ಪ ಯೋಚನೆಗೆ ಬಿದ್ದರು, ಆದರೆ ಮನಸ್ಸು ನಿಜವಾಗಿ ತಿರುಗಿದ್ದು ಮೇಷ್ಟ್ರು ಬರೆದ ಕೆಸರಿನ ಪಟ್ಟೆಯ ಮಾತಿಗೆ. "ಇದನ್ನು ಬರೆದವನಿಗೆ ಕಾಡು ಗೊತ್ತಿದೆ, ಆದರೆ ಹಂದಿ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಯಿತು ಎಂದು ಹೇಳುವುದನ್ನು ಮರೆತಿದ್ದಾನೆ" ಎಂದು ಹೇಳಿ, ಅರ್ಧ ಗಂಟೆ ಮಗನಿಗೆ ಅದನ್ನೇ ವಿವರಿಸಿದರು. ಕೋವಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಗಿದೆ. ಮದ್ದು, ಚರೆ, ಕೇಪುಗಳನ್ನು ಬೇರೆ ಕಡೆ ಇಡಿಸಿದ್ದೇನೆ. ಗದ್ದೆಯ ಕಾವಲಿಗೆ ತಮಟೆಯೂ ಟಾರ್ಚೂ ಸಾಕು ಎಂದು ತೀರ್ಮಾನವಾಯಿತು, ಬೆಳೆ ಹಾನಿಯ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡುತ್ತೇವೆ.

ಆದರೆ ನಿನ್ನೆ ರಾತ್ರಿ ಮಗ ಒಂದು ಪ್ರಶ್ನೆ ಕೇಳಿದ: "ಹಾಗಾದರೆ ತಾತ ಹಂದಿ ಹೊಡೆದದ್ದು ತಪ್ಪಾ?" ತಾತ ಅಲ್ಲೇ ಕೂತಿದ್ದರು. ನನಗೆ ಉತ್ತರ ಹೊಳೆಯಲಿಲ್ಲ, ಅವರೂ ಮಾತಾಡಲಿಲ್ಲ.

ಕಳಸದ ಮೇಷ್ಟ್ರು

ಈ ಪ್ರಶ್ನೆಯನ್ನು ತೇಲಿಸಿಬಿಡಬೇಡಿ ತಾಯಿ, ಮಗು ಸರಿಯಾದುದನ್ನೇ ಕೇಳಿದೆ. ನನ್ನ ಅಭಿಪ್ರಾಯದಲ್ಲಿ ಉತ್ತರವನ್ನು ನೀವು ಕೊಡಬಾರದು, ತಾತನೇ ಕೊಡಬೇಕು. ಹಿಂದೆ ಶಿಕಾರಿಗೆ ಕಟ್ಟುಪಾಡುಗಳೇ ಇರಲಿಲ್ಲ ಎಂದಲ್ಲ. ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ಬೇಟೆ ಮತ್ತು ಮೀನಿನ ರಕ್ಷಣೆಗೆ ಕಾನೂನು ಬಂದಿತ್ತು, ನಮ್ಮ ಎರಡೂ ಜಿಲ್ಲೆಗಳು ಅದರ ಕೆಳಗೆ ಇದ್ದವು. ತಾತ ತಮ್ಮ ಕಾಲದಲ್ಲಿ ಎಷ್ಟು ಕಾಡಿತ್ತು, ಯಾವ ಗುಡ್ಡದಲ್ಲಿ ಯಾವ ಪ್ರಾಣಿ ಇತ್ತು, ಈಗ ಅದು ಯಾಕೆ ಕಾಣುವುದಿಲ್ಲ ಎಂಬುದನ್ನು ಹೆಸರು ಹಿಡಿದು ಹೇಳಲಿ. ಹೊಡೆದದ್ದರಲ್ಲಿ ಅವರಿಗೇ ಬೇಡವಿತ್ತು ಎನಿಸುವ ಈಡು ಇದ್ದರೆ ಅದನ್ನೂ ಹೇಳಲಿ. ತಪ್ಪು, ಸರಿ ಎಂಬ ತೀರ್ಪನ್ನು ಅಂದೇ ಕೊಡಬೇಕಾಗಿಲ್ಲ. ಶೂರರ ಕಥೆಯನ್ನಷ್ಟೇ ಕೇಳಿ ಬೆಳೆದ ಹುಡುಗನಿಗಿಂತ ಇದನ್ನೂ ಕೇಳಿ ಬೆಳೆದ ಹುಡುಗ ಕೋವಿಯನ್ನು ಬೇರೆ ರೀತಿ ನೋಡುತ್ತಾನೆ.

ಮಾವನವರ ಆಕ್ಷೇಪಣೆಯನ್ನು ಒಪ್ಪಿದ್ದೇನೆ ಎಂದು ತಿಳಿಸಿ.

ತೋಟದಮನೆ, ಸಕಲೇಶಪುರ

ಖಂಡಿತ ತಿಳಿಸುತ್ತೇನೆ ಮೇಷ್ಟ್ರೇ. ಸಂಕ್ರಾಂತಿಯ ರಜೆಯಲ್ಲಿ ತಾತ, ಮೊಮ್ಮಗ ಇಬ್ಬರನ್ನೂ ಕೊಪ್ಪದ ನನ್ನ ತವರಿಗೆ ಕರೆದೊಯ್ಯುವ ಆಲೋಚನೆ ಇದೆ. ಬೆಳಗಿನ ಹೊತ್ತು ತೋಟದಂಚಿನಲ್ಲಿ ಹೆಜ್ಜೆ ನೋಡುತ್ತಾರಂತೆ. ಅಲ್ಲಿ ಮಂಗನ ಕಾಯಿಲೆಯ ಭಯವಿದೆ ಎಂದು ಅಮ್ಮ ಹೇಳಿದರು, ಏನು ಮುನ್ನೆಚ್ಚರಿಕೆ ಬೇಕು?

ದಾದಿ, ಕೊಪ್ಪ

ಭಯಕ್ಕಿಂತ ಎಚ್ಚರ ಮುಖ್ಯ. ಡಿಸೆಂಬರಿನಿಂದ ಮೇ ತನಕ ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಹೆಚ್ಚು, ನೀವು ಬರುವುದು ಅದೇ ಕಾಲದಲ್ಲಿ. ಹುಡುಗನಿಗೆ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ಉಣುಗು ಹತ್ತದಂತೆ ಹಚ್ಚಲು ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆಯನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ. ಮಗುವಿಗೆ ಹೇಗೆ ಹಚ್ಚಬೇಕು ಎಂಬುದನ್ನೂ ಅವರಿಂದಲೇ ಕೇಳಿಕೊಳ್ಳಿ. ತರಗೆಲೆಯ ಮೇಲೆ ಕೂರಿಸಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕೂದಲಿನ ಬುಡ ಇವನ್ನೆಲ್ಲ ಬೆರಳಾಡಿಸಿ ನೋಡಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಹೊಸಕಬೇಡಿ. ಸತ್ತ ಮಂಗ ಕಂಡರೆ ಅತ್ತ ಹೋಗದೆ ತಕ್ಷಣ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹಿಂದಿರುಗಿದ ಮೇಲೆ ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಸಕಲೇಶಪುರದ ವೈದ್ಯರಿಗೆ ಮಗು ಕೊಪ್ಪದ ಕಾಡಂಚಿಗೆ ಹೋಗಿತ್ತು ಎಂಬುದನ್ನು ನೀವೇ ಮೊದಲು ಹೇಳಿ. ಅವರು ಕೇಳುವವರೆಗೆ ಕಾಯಬೇಡಿ. ತಾತನವರಿಗೂ ಇದೇ ಕ್ರಮ, ನಾವು ಕಾಡು ಕಂಡವರು ಎಂದು ಎಣ್ಣೆ ಬೇಡವೆನ್ನುವವರು ಸಾಮಾನ್ಯವಾಗಿ ಅವರೇ.